ಶಾರ್ಟ್ ಶಿಫ್ಟರ್ ಕೂರಿಸುವ ಮೊದಲು ಸ್ಕೇಲು ಹಿಡಿಯಿರಿ

ನನ್ನದು ಹತ್ತು ವರ್ಷದ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಐದು ಗೇರು. ಇಂಜಿನ್ ಗಟ್ಟಿ ಇದೆ. ಕ್ಲಚ್ ಹೋದ ವರ್ಷ ಹೊಸದು ಹಾಕಿಸಿದ್ದೆ. ತಕರಾರು ಇದ್ದದ್ದು ಒಂದೇ, ಗೇರ್ ರಾಡು. ಮೂರರಿಂದ ನಾಲ್ಕಕ್ಕೆ ಎಳೆದರೆ ಕೈ ಎಷ್ಟು ಹಿಂದೆ ಬರುತ್ತಿತ್ತು ಅಂದರೆ ಮೊಣಕೈ ಸೀಟಿನ ಅಂಚಿಗೆ ತಾಗುತ್ತಿತ್ತು. ಪುಣೆಯ ಕೋಥ್ರೂಡಿನಿಂದ ಹಿಂಜವಡಿಗೆ ಹೋಗಿ ಬರುವಷ್ಟರಲ್ಲಿ ಎಷ್ಟು ಸಲ ಗೇರ್ ಬದಲಿಸುತ್ತೇವೆ ಅಂತ ಇಲ್ಲಿ ಗಾಡಿ ಓಡಿಸುವವರಿಗೆ ಹೇಳಬೇಕಿಲ್ಲ. ಅದಕ್ಕೇ ಹೊಂದಿಸಿಕೊಳ್ಳಬಹುದಾದ, ಅಂದರೆ ಅಡ್ಜಸ್ಟಬಲ್ ಶಾರ್ಟ್ ಶಿಫ್ಟರ್ ಹಾಕಿದೆ, ಗೇರ್ ರಾಡಿನ ಓಡಾಟ ಕಡಿಮೆ ಮಾಡುವ ಕಿಟ್ ಅದು. ಎರಡು ಭಾನುವಾರ ಹಿಡಿಯಿತು. ಮೊದಲ ಸಲ ಒಂದು ತಪ್ಪಾಯಿತು, ಅದನ್ನೂ ಬರೆಯುತ್ತೇನೆ, ಯಾಕೆಂದರೆ ಅದೇ ತಪ್ಪು ನಿಮ್ಮಿಂದಲೂ ಆಗಬಹುದು.

ಮೊದಲು ಇದು ಕೆಲಸ ಮಾಡುವ ಬಗೆ ತಿಳಿದುಕೊಳ್ಳಿ. ಇದು ಗೊತ್ತಿಲ್ಲದೆ ಪಾನಾ ಹಿಡಿಯಬೇಡಿ.

ಊರಲ್ಲಿ ಕಲ್ಲು ಎಬ್ಬಿಸುವಾಗ ಹಾರೆಯ ಕೆಳಗೆ ಒಂದು ಸಣ್ಣ ಕಲ್ಲು ಇಡುತ್ತೇವಲ್ಲ, ಹಾಗೇ ಇದು. ಆ ಸಣ್ಣ ಕಲ್ಲು ದೊಡ್ಡ ಕಲ್ಲಿಗೆ ಹತ್ತಿರ ಇದ್ದರೆ ಕೈ ತುಂಬಾ ದೂರ ಒತ್ತಬೇಕು, ಆದರೆ ಹಗುರ. ಅದನ್ನು ನಿಮ್ಮ ಕಡೆ ಸರಿಸಿದರೆ ಕೈ ಸ್ವಲ್ಪವೇ ಒತ್ತಿದರೂ ಸಾಕು, ಆದರೆ ಭಾರ. ಗೇರ್ ರಾಡೂ ಒಂದು ಹಾರೆ. ನಡುವೆ ಒಂದು ಗುಂಡು ಇರುತ್ತದೆ, ರಾಡು ತಿರುಗುವುದು ಅದರ ಮೇಲೆ. ಮೇಲಿನ ತುದಿಗೆ ನಾಬ್, ಕೆಳಗಿನ ತುದಿಗೆ ಕೇಬಲ್. ಮೇಲಿನ ಭಾಗ ಗಿಡ್ಡ ಮಾಡಿದರೆ ಅಥವಾ ಕೆಳಗಿನ ಭಾಗ ಉದ್ದ ಮಾಡಿದರೆ ಕೈ ಓಡಾಟ ಕಡಿಮೆ ಆಗುತ್ತದೆ. ಕೇಬಲ್‌ನ ಇನ್ನೊಂದು ತುದಿಯಲ್ಲಿ, ಗೇರ್ ಬಾಕ್ಸಿನ ಮೇಲೆ, ಒಂದು ತೋಳು ಇರುತ್ತದೆ. ಆ ತೋಳಿನಲ್ಲಿ ಕೇಬಲ್ ಸಿಕ್ಕಿಸುವ ಜಾಗವನ್ನು ಶಾಫ್ಟಿನ, ಅಂದರೆ ಆ ತೋಳು ತಿರುಗಿಸುವ ದಂಡದ, ಹತ್ತಿರಕ್ಕೆ ತಂದರೂ ಅದೇ ಫಲ.

ಆದರೆ ಗೇರ್ ಬಾಕ್ಸಿನ ಒಳಗೆ ಏನೂ ಬದಲಾಗುವುದಿಲ್ಲ. ಗೇರ್ ಬೀಳೋಕೆ ಒಳಗಿನ ತುಂಡು ಎಷ್ಟು ಸರಿಯಬೇಕೋ ಅಷ್ಟೂ ಸರಿಯಲೇಬೇಕು. ಹಾಗಾಗಿ ಅಳೆಯಬೇಕಾದದ್ದು ನಾಬ್ ಎಷ್ಟು ಓಡಾಡುತ್ತದೆ ಅನ್ನುವುದನ್ನಷ್ಟೇ ಅಲ್ಲ, ಬಾಕ್ಸಿನ ಮೇಲಿನ ಆ ತೋಳು ಪೂರ್ತಿ ತಿರುಗುತ್ತಿದೆಯೇ ಅನ್ನುವುದನ್ನು. ಕಿಟ್ಟಿನ ಡಬ್ಬದ ಮೇಲೆ ಶೇಕಡಾ ಇಷ್ಟು ಕಡಿಮೆ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಆ ಅಂಕಿ ನೋಡಿ ಖುಷಿಪಡುವುದಕ್ಕಿಂತ ಈ ತೋಳಿನ ಮೇಲೆ ಕಣ್ಣಿಡಿ.

ಈಗ ಲೆಕ್ಕ. ನನ್ನ ಗಾಡಿಯಲ್ಲಿ ಮೂರರಿಂದ ನಾಲ್ಕಕ್ಕೆ ನಾಬ್ 120 ಮಿಲಿಮೀಟರ್ ಓಡಾಡುತ್ತಿತ್ತು. ಬಾಕ್ಸಿನ ತೋಳಿನಲ್ಲಿ ಕೇಬಲ್ ಸಿಕ್ಕಿಸುವ ಗುಂಡು ಶಾಫ್ಟಿನ ನಡುವಿನಿಂದ 60 ಮಿ.ಮೀ. ದೂರದಲ್ಲಿತ್ತು. ನಾನು ತಂದ ಕಿಟ್ಟಿನಲ್ಲಿ ಒಂದು ಉಕ್ಕಿನ ಪಟ್ಟಿ, ಅದರಲ್ಲಿ 60, 54, 48 ಮಿ.ಮೀ.ಗೆ ಮೂರು ತೂತು. ನಡುವಿನ ತೂತಿಗೆ ಹಾಕಿದರೆ ನಾಬ್ ಓಡಾಟ 108ಕ್ಕೆ ಇಳಿಯುತ್ತದೆ, ಕೈಗೆ ಬೀಳುವ ಭಾರ ಶೇಕಡಾ 11ರಷ್ಟು ಏರುತ್ತದೆ. ಕೊನೆಯ ತೂತಿಗೆ ಹಾಕಿದರೆ ಓಡಾಟ 96, ಭಾರ ಶೇಕಡಾ 25 ಜಾಸ್ತಿ. ಬಿಟ್ಟಿಯಾಗಿ ಏನೂ ಸಿಗುವುದಿಲ್ಲ ನೋಡಿ. ಇದರ ಜೊತೆಗೆ ಮೇಲಿನ ರಾಡಿನ ಎತ್ತರವನ್ನೂ ಬದಲಿಸಬಹುದು. ರಾಡು ತಿರುಗುವ ಗುಂಡಿನಿಂದ ನಾಬ್‌ವರೆಗೆ 240 ಮಿ.ಮೀ. ಇದ್ದದ್ದನ್ನು 220ಕ್ಕೆ ಇಳಿಸಿದರೆ ಇನ್ನೂ ಸುಮಾರು ಶೇಕಡಾ 8 ಓಡಾಟ ಕಡಿಮೆ. ಎರಡನ್ನೂ ಒಟ್ಟಿಗೆ ಮಾಡಿದರೆ ಎರಡರ ಭಾರವೂ ಒಂದರ ಮೇಲೊಂದು ಬೀಳುತ್ತದೆ.

ಎಲ್ಲ ಗಾಡಿಗೂ ಇದೇ ಕಿಟ್ ಬರುವುದಿಲ್ಲ. ಇಂಜಿನ್ ಅಡ್ಡ ಕೂತಿರುವ, ಮುಂದಿನ ಚಕ್ರ ಎಳೆಯುವ ಕಾರುಗಳಲ್ಲಿ ಈಗ ಸಾಮಾನ್ಯವಾಗಿ ಎರಡು ಕೇಬಲ್ ಇರುತ್ತವೆ. ಒಂದು ಎಡ-ಬಲಕ್ಕೆ, ಇನ್ನೊಂದು ಹಿಂದೆ-ಮುಂದಕ್ಕೆ. ಈ ಬರಹ ಇಂಥ ಗಾಡಿಗಳ ಬಗ್ಗೆ. ಜಿಪ್ಸಿಯಂಥ ಗಾಡಿಯಲ್ಲಿ ಗೇರ್ ರಾಡು ನೇರ ಬಾಕ್ಸಿನ ಒಳಗೇ ಇಳಿಯುತ್ತದೆ, ಅಲ್ಲಿ ರಾಡನ್ನೇ ಬದಲಿಸಬೇಕು, ಅದರ ಕ್ರಮ ಬೇರೆ. ಕಿಟ್ ತರಿಸುವಾಗ ಗಾಡಿಯ ಹೆಸರಷ್ಟೇ ಹೇಳಬೇಡಿ, ವರ್ಷ, ಇಂಜಿನ್, ಎಷ್ಟು ಗೇರು ಎಲ್ಲ ಹೇಳಿ. ಒಂದೇ ಹೆಸರಿನ ಗಾಡಿಯ ಪೆಟ್ರೋಲಿಗೆ ಒಂದು ಬಾಕ್ಸ್, ಡೀಸೆಲ್ಲಿಗೆ ಇನ್ನೊಂದು ಬಾಕ್ಸ್ ಇರುವುದು ಮಾಮೂಲು.

ಕಿಟ್ಟಿಗಿಂತ ಮೊದಲು ಬುಷ್

ಭೋಸರಿಯಲ್ಲಿ ನನಗೆ ಪರಿಚಯದ ಒಬ್ಬ ಮೆಕ್ಯಾನಿಕ್ ಇದ್ದಾರೆ, ವಿಜಯಪುರದ ಕಡೆಯವರು. ಕಿಟ್ ತಗೊಂಡು ಹೋಗಿ ತೋರಿಸಿದೆ. ಅದನ್ನು ಕೈಗೇ ತಗೊಳ್ಳಲಿಲ್ಲ. ಸೀದಾ ಬಂದು ನನ್ನ ಗೇರ್ ರಾಡು ಹಿಡಿದು ನ್ಯೂಟ್ರಲ್‌ನಲ್ಲಿ ಎರಡು ಸಲ ಅಲುಗಾಡಿಸಿ, “ಸರ್ರ, ಮೊದ್ಲ ಬುಷ್ ನೋಡ್ರಿ. ಬುಷ್ ಹೋಗಿದ್ರ ಬಂಗಾರದ ರಾಡ್ ಹಾಕಿದ್ರೂ ಅಷ್ಟ” ಅಂದರು.

ಅವರ ಮಾತು ನೂರಕ್ಕೆ ನೂರು ನಿಜ. ಹತ್ತು ವರ್ಷದ ಗಾಡಿಯಲ್ಲಿ ಕೇಬಲ್ ತುದಿಯ ಪ್ಲಾಸ್ಟಿಕ್ ಬಟ್ಟಲು, ರಾಡಿನ ಬುಡದ ಬುಷ್ (ರಾಡನ್ನು ಬಿಗಿ ಹಿಡಿಯುವ ಬಳೆಯಂಥ ತುಂಡು) ಸವೆದಿರುತ್ತವೆ. ಪುಣೆಯ ಮಳೆಗಾಲದಲ್ಲಿ ಕೆಸರು ನುಗ್ಗಿ ಇನ್ನೂ ಬೇಗ ಸವೆಯುತ್ತವೆ. ಕೇಬಲ್ ತುದಿಯಲ್ಲಿ ಎರಡು ಮಿ.ಮೀ. ಸಡಿಲ ಇದೆ ಅಂದುಕೊಳ್ಳಿ. ತೋಳು ಉದ್ದ ಇದ್ದಾಗ ಆ ಎರಡು ಮಿ.ಮೀ.ಯಿಂದ ಕಡಿಮೆ ಕೋನ ನಷ್ಟ ಆಗುತ್ತದೆ, ತೋಳು ಗಿಡ್ಡ ಆದಾಗ ಜಾಸ್ತಿ ನಷ್ಟ. ಅಂದರೆ ಶಾರ್ಟ್ ಶಿಫ್ಟರ್ ಹಾಕಿದ ಮೇಲೆ ಹಳೆ ಸಡಿಲು ಇನ್ನೂ ಎದ್ದು ಕಾಣುತ್ತದೆ. ಗಂಜಿಯಲ್ಲಿ ಸೌಟು ಆಡಿಸಿದ ಹಾಗೆ ಇರುತ್ತದೆ ರಾಡು.

ಪರೀಕ್ಷೆ ಸುಲಭ. ಇಂಜಿನ್ ಆಫ್ ಮಾಡಿ ಗಾಡಿಯನ್ನು ಮೂರನೇ ಗೇರಿಗೆ ಹಾಕಿ. ಬಾನೆಟ್ ಎತ್ತಿ. ಒಬ್ಬರು ರಾಡನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಲಿ, ಇನ್ನೊಬ್ಬರು ಬಾಕ್ಸಿನ ಮೇಲಿನ ತೋಳನ್ನು ನೋಡಲಿ. ರಾಡು ಅಲ್ಲಾಡಿ ತೋಳು ಸುಮ್ನೆ ನಿಂತಿದ್ದರೆ ಆ ನಡುವಿನ ಅಷ್ಟೂ ಸವೆತ. ನನ್ನ ಗಾಡಿಯಲ್ಲಿ ನಾಬ್ ಹತ್ತಿರ ಎರಡು ಬೆರಳಷ್ಟು ಇತ್ತು! ಕೇಬಲ್ ತುದಿಯ ಬಟ್ಟಲು ಹೊಸದು ಹಾಕಿದ ಮೇಲೆಯೇ ರಾಡಿನ ಅರ್ಧ ರೋಗ ಹೋಯಿತು. ನಿಮಗೂ ಇಷ್ಟರಲ್ಲೇ ಸಮಾಧಾನ ಆಗಬಹುದು. ಹಾಗಾದರೆ ಅಲ್ಲಿಗೇ ನಿಲ್ಲಿಸಿ, ಕಿಟ್ ಬೇಡ.

ಹಿತ್ತಾಳೆ ಬುಷ್ ಹಾಕಿ ಅಂತ ಕೆಲವರು ಹೇಳುತ್ತಾರೆ. ಬಿಗಿ ಇರುತ್ತದೆ ನಿಜ, ಆದರೆ ಇಂಜಿನ್ನಿನ ನಡುಕ ಎಲ್ಲ ನಾಬ್‌ಗೆ ಬರುತ್ತದೆ. ದಿನಾ ಓಡಿಸುವ ಗಾಡಿಗೆ ಗಟ್ಟಿ ಪ್ಲಾಸ್ಟಿಕ್ಕಿನದೇ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಗೇರ್ ಆಯಿಲ್ ಕೂಡ ಇದೇ ಹೊತ್ತಿಗೆ ನೋಡಿಬಿಡಿ. ಡಿಸೆಂಬರ್, ಜನವರಿಯಲ್ಲಿ ಪುಣೆಯ ಬೆಳಗಿನ ಚಳಿಗೆ ಎರಡನೇ ಗೇರು ಬಿಗಿಯಾಗಿ ಬೀಳುವುದು ದಪ್ಪ ಆಯಿಲ್‌ನಿಂದ, ರಾಡಿನಿಂದ ಅಲ್ಲ. ಗಾಡಿಯ ಕೈಪಿಡಿಯಲ್ಲಿ ಯಾವ ದರ್ಜೆ ಬರೆದಿದೆಯೋ ಅದನ್ನೇ ಹಾಕಿಸಿ. ಜಿಎಲ್-4 ಅಂತ ಇದ್ದರೆ ಜಿಎಲ್-4. ಜಿಎಲ್-5 ದೊಡ್ಡ ನಂಬರು, ಹಾಗಾಗಿ ಒಳ್ಳೆಯದು ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಅದರಲ್ಲಿರುವ ಕೆಲವು ಸೇರ್ಪಡೆಗಳು ಗೇರುಗಳ ವೇಗ ಹೊಂದಿಸುವ ಹಿತ್ತಾಳೆಯ ಸಿಂಕ್ರೋ ರಿಂಗುಗಳಿಗೆ ಆಗಿಬರುವುದಿಲ್ಲ.

ಬೇಕಾದ ಸಾಮಾನು

10 ಮತ್ತು 13ರ ಪಾನಾ, ಸಾಕೆಟ್ ಸೆಟ್, ನಕ್ಷತ್ರದ ಆಕಾರದ ಬಿಟ್‌ಗಳು, ಸಣ್ಣ ಪಕ್ಕಡ್, ಕನ್ಸೋಲ್ (ಸೀಟುಗಳ ನಡುವಿನ ಪೆಟ್ಟಿಗೆ) ಬಿಚ್ಚೋಕೆ ಪ್ಲಾಸ್ಟಿಕ್ಕಿನ ಪಟ್ಟಿ, ಸ್ಕೇಲು ಅಥವಾ ವರ್ನಿಯರ್, ಬಿಳಿ ಪೇಂಟ್ ಮಾರ್ಕರ್, ಪೇಂಟರ್‌ಗಳು ಅಂಟಿಸುವ ಕಾಗದದ ಟೇಪು, ಬೋಲ್ಟು ಸಡಿಲಾಗದಂತೆ ಹಿಡಿಯುವ ನೀಲಿ ಬಣ್ಣದ ಥ್ರೆಡ್‌ಲಾಕರ್, ಸಿಲಿಕೋನ್ ಗ್ರೀಸು. ಇಂತಿಷ್ಟೇ ಬಿಗಿ ಅಂತ ಅಳೆದು ಬಿಗಿಯುವ ಟಾರ್ಕ್ ರೆಂಚ್ ಇದ್ದರೆ ಬಹಳ ಒಳ್ಳೆಯದು. ಸಾಮಾನೆಲ್ಲ ನನಗೆ ರವಿವಾರ ಪೇಟೆಯ ಬೋಹರಿ ಆಳಿಯಲ್ಲೇ ಸಿಕ್ಕಿತು. ಬಟ್ಟಲು, ಕ್ಲಿಪ್ಪುಗಳಿಗೆ ನಾನಾ ಪೇಟೆಗೆ ಹೋಗಿ, ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಬಾಯಲ್ಲಿ ಹೇಳಿದರೆ ಬೇರೆ ಏನೋ ಕೊಡುತ್ತಾರೆ, ಮತ್ತೆ ಆ ಗಲ್ಲಿಯಲ್ಲಿ ಗಾಡಿ ನಿಲ್ಲಿಸೋಕೆ ಜಾಗ ಹುಡುಕಬೇಕು.

ಕೆಲಸ ಶುರು

ಗಾಡಿ ಸಮತಟ್ಟು ಜಾಗದಲ್ಲಿರಲಿ. ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಗೇರಿನಲ್ಲಿ ನಿಲ್ಲಿಸಿದ್ದೇನಲ್ಲ ಅನ್ನುವ ಧೈರ್ಯ ಇಲ್ಲಿ ನಡೆಯುವುದಿಲ್ಲ, ಕೇಬಲ್ ಬಿಚ್ಚುವಾಗ ಬಾಕ್ಸು ನ್ಯೂಟ್ರಲ್‌ನಲ್ಲೇ ಇರಬೇಕು. ನಮ್ಮ ಸೊಸೈಟಿಯ ಪಾರ್ಕಿಂಗ್ ಇಳಿಜಾರಿನಲ್ಲಿದೆ, ಅದಕ್ಕೆ ಗೆಳೆಯನ ಮನೆಯ ಅಂಗಳಕ್ಕೆ ಗಾಡಿ ಒಯ್ದೆ. ಇಂಜಿನ್ ತಣ್ಣಗಾಗಲಿ.

ಏನನ್ನೂ ಬಿಚ್ಚುವ ಮೊದಲು ಅಳತೆ. ಕನ್ಸೋಲಿನ ಉದ್ದಕ್ಕೂ ಕಾಗದದ ಟೇಪು ಅಂಟಿಸಿ, ಪ್ರತಿ ಗೇರಿಗೂ ನಾಬ್ ನಿಲ್ಲುವ ಜಾಗಕ್ಕೆ ಗೆರೆ ಹಾಕಿ. ಆಮೇಲೆ ಬಾನೆಟ್ ಕೆಳಗೆ. ಬಾಕ್ಸಿನ ತೋಳಿಗೆ ಅನೇಕ ಗಾಡಿಗಳಲ್ಲಿ ಒಂದು ಭಾರದ ಗುಂಡು ಇರುತ್ತದೆ, ಗೇರು ನಯವಾಗಿ ಬೀಳಲಿ ಅಂತ ಇಟ್ಟದ್ದು. ಅದನ್ನು ತೆಗೆದು ಬಿಸಾಡುವ ಕಿಟ್ ತರಬೇಡಿ. ಆ ಭಾರದ ಅಂಚಿಗೆ ಬಿಳಿ ಚುಕ್ಕೆ ಇಡಿ. ನ್ಯೂಟ್ರಲ್‌ನಿಂದ ಪ್ರತಿ ಗೇರಿಗೂ ಆ ಚುಕ್ಕೆ ಎಷ್ಟು ಸರಿಯುತ್ತದೆ ಅಂತ ಅಳೆದು ಬರೆದಿಡಿ. ನನ್ನದರಲ್ಲಿ ಮೂರಕ್ಕೆ 20 ಮಿ.ಮೀ., ನಾಲ್ಕಕ್ಕೆ 20 ಮಿ.ಮೀ. ಕೇಬಲ್ ಯಾವ ತೂತಿಗೆ ಹೋದರೂ ಈ ಚುಕ್ಕೆಯ ಅಳತೆ ಬದಲಾಗಬಾರದು. ಇದೊಂದು ಚೀಟಿ ನಿಮ್ಮ ಜೇಬಿನಲ್ಲಿದ್ದರೆ ಉಳಿದದ್ದೆಲ್ಲ ಸಲೀಸು. ಕೈಗೆ ಸ್ಕೇಲು ಎಟುಕದಿದ್ದರೆ ಹಿಂದೆ ಸ್ಕೇಲು ಅಂಟಿಸಿ ಫೋನಿನಲ್ಲಿ ವಿಡಿಯೋ ತೆಗೆಯಿರಿ.

ಈಗ ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ, ಹತ್ತು ನಿಮಿಷ ಬಿಡಿ. ಎಷ್ಟೋ ಕಾರುಗಳಲ್ಲಿ ಏರ್‌ಬ್ಯಾಗಿನ ಕಂಟ್ರೋಲ್ ಪೆಟ್ಟಿಗೆ ಗೇರ್ ರಾಡಿನ ಆಸುಪಾಸಿನಲ್ಲೇ, ಕನ್ಸೋಲಿನ ಕೆಳಗೆ ಕೂತಿರುತ್ತದೆ. ಅದರ ಮೇಲೆ ಸುತ್ತಿಗೆ, ಪಾನಾ ಬೀಳಬಾರದು, ಅದರ ವೈರುಗಳನ್ನು ಮುಟ್ಟಲೂ ಬಾರದು. ರೇಡಿಯೋಗೆ ಕೋಡ್ ಬೇಕಾಗುವ ಗಾಡಿಯಾದರೆ ಕೋಡ್ ಮೊದಲೇ ಹುಡುಕಿಟ್ಟುಕೊಳ್ಳಿ.

ಗೇರ್ ಬಾಕ್ಸ್ ಸಾಮಾನ್ಯವಾಗಿ ಬ್ಯಾಟರಿಯ ಕೆಳಗೇ ಇರುತ್ತದೆ. ಬ್ಯಾಟರಿ ಎತ್ತಿಡಿ, ಅದರ ಟ್ರೇ ಬಿಚ್ಚಿ. ಎರಡು ಕೇಬಲ್ ತುದಿಗಳು ಕಾಣುತ್ತವೆ. ಅವು ಒಂದೊಂದು ಗುಂಡಿನ ಮೇಲೆ ಬಟ್ಟಲಿನ ಹಾಗೆ ಕೂತಿರುತ್ತವೆ. ಇಲ್ಲಿ ಅವಸರ ಬೇಡ. ಸ್ಕ್ರೂಡ್ರೈವರನ್ನು ಒಂದೇ ಕಡೆಯಿಂದ ತೂರಿಸಿ ಮೀಟಿದರೆ ಹಳೆಯ ಪ್ಲಾಸ್ಟಿಕ್ ಸೀಳುತ್ತದೆ. ಬಾಯಿ ತೆರೆದ ಪಾನಾವನ್ನು ಬಟ್ಟಲಿನ ಕೆಳಗೆ ಗುಂಡಿನ ಕತ್ತಿಗೆ ತೂರಿಸಿ, ಎರಡೂ ಕಡೆ ಸಮನಾಗಿ ಮೇಲಕ್ಕೆ ಮೀಟಿ. ಮೊದಲು ಏನೂ ಆಗುವುದಿಲ್ಲ. ಇನ್ನೊಂದು ಚೂರು. ಆಮೇಲೆ ‘ಟಕ್’ ಅಂತ ಬಟ್ಟಲು ಮೇಲೆ ಹಾರುತ್ತದೆ, ಒಳಗೆ ಕರಿ ಗ್ರೀಸು, ನನ್ನದರಲ್ಲಂತೂ ಗ್ರೀಸಿನ ಬದಲು ಒಣಗಿದ ಕೆಂಪು ಮಣ್ಣು. ಬಟ್ಟೆಯಿಂದ ಒರೆಸಿ. ಗುಂಡಿನ ಮೇಲೆ ಬೆರಳು ಆಡಿಸಿ, ಗೀರು ಬಿದ್ದಿದ್ದರೆ ಅದೂ ಹೊಸದು ಬೇಕು.

ಹಿಂದೆ-ಮುಂದಿನ ಕೇಬಲ್ ಯಾವುದು ಅಂತ ಗುರುತಿಸಿಕೊಳ್ಳಿ. ಪಟ್ಟಿ ಹಾಕಬೇಕಾದದ್ದು ಅದರ ತೋಳಿಗೆ. ಎಡ-ಬಲದ ಕೇಬಲ್ಲನ್ನು ಹಾಗೇ ಬಿಡಿ ಅನ್ನುತ್ತೇನೆ ನಾನು, ಅದನ್ನೂ ಗಿಡ್ಡ ಮಾಡಿದರೆ ಮೂರರ ಸಾಲು ಎಲ್ಲಿ, ಐದರ ಸಾಲು ಎಲ್ಲಿ ಅಂತ ಕೈಗೆ ಗೊತ್ತಾಗದೆ ತಪ್ಪು ಗೇರು ಬೀಳುವ ಸಾಧ್ಯತೆ ಇದೆ. ಐದರಿಂದ ನಾಲ್ಕಕ್ಕೆ ಅಂತ ಹೋಗಿ ಎರಡಕ್ಕೆ ಬಿದ್ದರೆ ಇಂಜಿನ್ನಿಗೇ ಪೆಟ್ಟು.

ನನ್ನ ಕಿಟ್ಟಿನಲ್ಲಿ ಹಳೆಯ ಗುಂಡಿನ ನಟ್ಟು ಬಿಚ್ಚಿ, ಆ ಜಾಗಕ್ಕೆ ಪಟ್ಟಿಯನ್ನು ಎರಡು ಬೋಲ್ಟಿನಿಂದ ಕೂರಿಸುವುದಿತ್ತು. ಶಾಫ್ಟಿನ ಮೇಲಿನ ದೊಡ್ಡ ನಟ್ಟು ಮುಟ್ಟುವುದೇ ಬೇಕಾಗಲಿಲ್ಲ. ನಿಮ್ಮದರಲ್ಲಿ ಇಡೀ ತೋಳನ್ನೇ ಬದಲಿಸಬೇಕಿದ್ದರೆ, ತೆಗೆಯುವ ಮೊದಲು ಶಾಫ್ಟಿಗೂ ತೋಳಿಗೂ ಸೇರಿ ಒಂದು ಬಿಳಿ ಗೆರೆ ಎಳೆದಿಡಿ. ಬೋಲ್ಟಿಗೆ ನೀಲಿ ಥ್ರೆಡ್‌ಲಾಕರ್ ಒಂದು ಹನಿ. ನೈಲಾನ್ ಇರುವ ನಟ್ಟಾದರೆ ಹಳೆಯದನ್ನೇ ಮತ್ತೆ ಹಾಕಬೇಡಿ. 6 ಮಿ.ಮೀ. ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್ ಸಾಕು, ಕಿಟ್ಟಿನ ಕಾಗದದಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ.

ಪಟ್ಟಿ ಕೂತ ಮೇಲೆ ಕೇಬಲ್ಲನ್ನು ಮೊದಲು ನಡುವಿನ ತೂತಿಗೆ ಹಾಕಿ. ಮೇಲಿನಿಂದ ನೋಡಿ, ಕೇಬಲ್ ನೇರ ಎಳೆಯುತ್ತಿದೆಯೇ? ಪಕ್ಕಕ್ಕೆ ವಾಲಿ ಎಳೆದರೆ ಬಟ್ಟಲು ಬೇಗ ಸವೆಯುತ್ತದೆ, ಅಡಿಗೆ ವಾಷರ್ ಕೊಟ್ಟು ಸರಿಮಾಡಿ. ಬಟ್ಟಲಿನೊಳಗೆ ಸಿಲಿಕೋನ್ ಗ್ರೀಸು ತುಂಬಿ, ಹೆಬ್ಬೆರಳಿನಿಂದ ಒತ್ತಿ ‘ಟಕ್’ ಅನ್ನಿಸಿ.

ಗಾಡಿಯ ಒಳಗಿನ ಕೆಲಸ ಇದಕ್ಕಿಂತ ಚಿಕ್ಕದು. ಗೇರಿನ ಚರ್ಮದ ಚೀಲ ಕನ್ಸೋಲಿಗೆ ಕ್ಲಿಪ್ಪಿನಲ್ಲಿ ಕೂತಿರುತ್ತದೆ, ಮೆಲ್ಲಗೆ ಮೇಲೆ ಎತ್ತಿದರೆ ಬರುತ್ತದೆ. ನಾಬ್ ತಿರುಗಿಸಿ ತೆಗೆಯುವಂಥದ್ದಾದರೆ ಅದರ ಥ್ರೆಡ್ ಅಳತೆ ನೋಡಿಕೊಂಡೇ ಹೊಸ ನಾಬ್ ತರಬೇಕು. 10 ಮಿ.ಮೀ. ದಪ್ಪದ್ದರಲ್ಲೇ 1.25 ಮತ್ತು 1.5 ಅಂತ ಎರಡು ಬಗೆ ಇವೆ, ನೋಡಲು ಒಂದೇ ಥರ, ಒತ್ತಿ ತಿರುಗಿಸಿದರೆ ಥ್ರೆಡ್ ಹಾಳು. ಎತ್ತರ ಬದಲಿಸುವ ತುಂಡಿಗೆ ಪಕ್ಕದಲ್ಲಿ ಬಿಗಿಯುವ ಬೋಲ್ಟ್ ಇರುತ್ತದೆ. ರಿವರ್ಸಿಗೆ ರಿಂಗ್ ಎತ್ತುವ ಅಥವಾ ರಾಡು ಕೆಳಗೆ ಒತ್ತುವ ಗಾಡಿಯಾದರೆ, ಎತ್ತರ ಇಳಿಸಿದ ಮೇಲೂ ಆ ರಿಂಗು ಅಥವಾ ಒತ್ತು ಪೂರ್ತಿ ಕೆಲಸ ಮಾಡಬೇಕು.

ನ್ಯೂಟ್ರಲ್ ನಡುವಿಗೆ ತರುವುದು

ಜನ ಬಿಟ್ಟುಬಿಡುವ ಹೆಜ್ಜೆ ಇದೇ. ಕೇಬಲ್ ಸಿಕ್ಕಿಸುವ ಜಾಗ ಬದಲಾದರೆ ನ್ಯೂಟ್ರಲ್ ಕೂಡ ಚೂರು ಸರಿಯುತ್ತದೆ. ಹಾಗೇ ಬಿಟ್ಟರೆ ಒಂದು ಕಡೆಯ ಗೇರುಗಳಿಗೆ ಜಾಗ ಜಾಸ್ತಿ, ಇನ್ನೊಂದು ಕಡೆಗೆ ಕಡಿಮೆ.

ಕೇಬಲ್ಲಿನ ತುದಿಯಲ್ಲಿ ಉದ್ದ ಹೊಂದಿಸುವ ವ್ಯವಸ್ಥೆ ಇರುತ್ತದೆ, ಕೆಲವದರಲ್ಲಿ ನಟ್ಟು, ಕೆಲವದರಲ್ಲಿ ಸ್ಪ್ರಿಂಗ್ ಇರುವ ಕಾಲರು. ಅದನ್ನು ಸಡಿಲ ಮಾಡಿ. ಬಾಕ್ಸನ್ನು ನ್ಯೂಟ್ರಲ್‌ನಲ್ಲಿ ಇಡಿ. ಒಳಗೆ ರಾಡನ್ನು ಮೂರು-ನಾಲ್ಕರ ಸಾಲಿನ ನಟ್ಟನಡುವೆ ನಿಲ್ಲಿಸಿ, ಅಲ್ಲೇ ಅಲ್ಲಾಡದಂತೆ ಹಿಡಿಯಿರಿ. ಫೋಕ್ಸ್‌ವ್ಯಾಗನ್, ಸ್ಕೋಡಾದ ಎಷ್ಟೋ ಕಾರುಗಳಲ್ಲಿ ಇದಕ್ಕೆಂದೇ ರಾಡಿನ ಬುಡದಲ್ಲಿ ಒಂದು ತೂತು ಇರುತ್ತದೆ, ಅದರೊಳಗೆ ಪಿನ್ ತೂರಿಸಿದರೆ ರಾಡು ನ್ಯೂಟ್ರಲ್‌ನಲ್ಲಿ ಲಾಕ್ ಆಗುತ್ತದೆ. ಬಾಕ್ಸಿನ ಮೇಲೂ ಶಾಫ್ಟನ್ನು ಹಿಡಿದಿಡುವ ಸಣ್ಣ ಕೊಕ್ಕೆ ಇರುತ್ತದೆ. ಇಂಥ ಪಿನ್ ಇಲ್ಲದ ಗಾಡಿಯಲ್ಲಿ ಟೇಪಿನ ಗೆರೆಗಳ ನಡುವೆ ಅಳೆದು, ಗೆಳೆಯನನ್ನು ಹಿಡಿದುಕೊಳ್ಳಲು ಕೂರಿಸಿ. ಈಗ ಕಾಲರನ್ನು ಲಾಕ್ ಮಾಡಿ.

ನಂತರ ಇಂಜಿನ್ ಹಚ್ಚದೆ, ಕ್ಲಚ್ ಒತ್ತಿ, ಐದೂ ಗೇರು ಮತ್ತು ರಿವರ್ಸ್ ಹಾಕಿ ನೋಡಿ. ಚುಕ್ಕೆ ನೋಡಿ, ಚೀಟಿ ನೋಡಿ. ಮೂರಕ್ಕೆ 20 ಇತ್ತಲ್ಲ, ಈಗಲೂ 20 ಇದೆಯೇ?

ಖಂಬಾಟ್ಕಿಯಲ್ಲಿ ಆದದ್ದು

ಈಗ ಆ ತಪ್ಪಿನ ಕಥೆ. ಮೊದಲ ಭಾನುವಾರ ನಾನು ಕೇಬಲ್ಲನ್ನು ನೇರ ಕೊನೆಯ ತೂತಿಗೆ ಹಾಕಿದ್ದೆ. ಚುಕ್ಕೆ ಅಳೆದೆ, ಎಲ್ಲ ಸರಿ ಇತ್ತು. ಆಮೇಲೆ ಟ್ರೇ ಕೂರಿಸಿ, ಬ್ಯಾಟರಿ ಇಟ್ಟು, ಬಾನೆಟ್ ಮುಚ್ಚಿದೆ. ಊರೊಳಗೆ ಎರಡು ದಿನ ಓಡಿಸಿದೆ, ಬಹಳ ಚೆನ್ನಾಗಿತ್ತು. ಮೂರನೇ ದಿನ ಧಾರವಾಡಕ್ಕೆ ಹೊರಟೆವು, ಸುಮಾರು 420 ಕಿಲೋಮೀಟರ್. ಸಾತಾರಾಕ್ಕಿಂತ ಮೊದಲು ಖಂಬಾಟ್ಕಿ ಘಾಟ್ ಬರುತ್ತದೆ. ಆಗ ಪುಣೆಯ ಕಡೆ ಬರುವವರಿಗೆ ಸುರಂಗ ಇತ್ತು, ಹೋಗುವವರು ಘಾಟ್ ಹತ್ತಲೇಬೇಕಿತ್ತು. ಮೂರನೇ ಗೇರಿನಲ್ಲಿ ಹತ್ತುತ್ತಿದ್ದೆ, ಮುಂದೆ ಲಾರಿ, ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟೆ. ರಾಡು ತಾನಾಗೇ ಹಿಂದಕ್ಕೆ ಜಾರಿ ನ್ಯೂಟ್ರಲ್‌ಗೆ ಬಂತು. ಹಿಂದೆ ಇನ್ನೊಂದು ಲಾರಿ ಹಾರ್ನ್ ಹೊಡೆಯುತ್ತಿದೆ. ಎದೆ ಧಸಕ್ಕೆಂದಿತು. ಎರಡನೇ ಗೇರಿನಲ್ಲೇ ಮೆಲ್ಲಗೆ ಮೇಲೆ ಹೋಗಿ, ಅಗಲ ಜಾಗ ಸಿಕ್ಕ ಕಡೆ ನಿಲ್ಲಿಸಿದೆ.

ಕಾರಣ ತುಂಬಾ ಚಿಕ್ಕದು. ಕೊನೆಯ ತೂತಿನ ಬೋಲ್ಟಿನ ಬಾಲ ಉದ್ದ ಇತ್ತು. ನಾನು ಪರೀಕ್ಷೆ ಮಾಡಿದಾಗ ಟ್ರೇ ಇರಲಿಲ್ಲ. ಟ್ರೇ ಕೂರಿಸಿದ ಮೇಲೆ ಮೂರನೇ ಗೇರಿಗೆ ಹೋಗುವಾಗ ಆ ಬಾಲ ಟ್ರೇಯ ಕೆಳ ಅಂಚಿಗೆ ತಾಗುತ್ತಿತ್ತು. ಅಳೆದರೆ ಚುಕ್ಕೆ 17 ಮಿ.ಮೀ. ಮಾತ್ರ ಸರಿಯುತ್ತಿತ್ತು. ಮೂರು ಮಿ.ಮೀ. ಸಾಲಲಿಲ್ಲ, ಗೇರಿನ ಹಲ್ಲುಗಳು ಅರ್ಧ ಮಾತ್ರ ಕಚ್ಚಿದ್ದವು. ಹೀಗೇ ಓಡಿಸುತ್ತಿದ್ದರೆ ಆ ಹಲ್ಲುಗಳ ಮೂಲೆ ಸವೆದು, ಆಮೇಲೆ ಏನು ಸರಿಮಾಡಿದರೂ ಗೇರು ನಿಲ್ಲುವುದಿಲ್ಲ, ಬಾಕ್ಸೇ ಬಿಚ್ಚಬೇಕು. ಅಲ್ಲೇ ಟ್ರೇ ಸಡಿಲ ಮಾಡಿ, ಕೇಬಲ್ಲನ್ನು ಮೊದಲಿನ ತೂತಿಗೆ ಹಾಕಿ, ಊರು ಮುಟ್ಟಿದೆವು.

ಆದ್ದರಿಂದ ಚುಕ್ಕೆಯ ಅಳತೆ ಎರಡು ಸಲ ಮಾಡಿ. ಟ್ರೇ ಇಲ್ಲದಾಗ ಒಂದು ಸಲ, ಬ್ಯಾಟರಿ, ಟ್ರೇ, ಏರ್ ಫಿಲ್ಟರ್ ಪೆಟ್ಟಿಗೆ ಎಲ್ಲ ಕೂತ ಮೇಲೆ ಇನ್ನೊಂದು ಸಲ. ಎರಡನೇ ಸಲ ಕಣ್ಣಿಗೆ ಕಾಣುವುದಿಲ್ಲ, ಫೋನನ್ನು ಸಂದಿಗೆ ಇಳಿಸಿ ಟಾರ್ಚ್ ಹಾಕಿ ವಿಡಿಯೋ ತೆಗೆಯಿರಿ. ಬೋಲ್ಟಿನ ಬಾಲಕ್ಕೆ ಬಣ್ಣ ಬಳಿದಿಟ್ಟರೆ, ಎಲ್ಲಾದರೂ ತಾಗಿದರೆ ಬಣ್ಣ ಅಲ್ಲಿಗೆ ಹತ್ತಿರುತ್ತದೆ, ಅದೂ ಒಳ್ಳೆ ಉಪಾಯ.

ಯಾವ ತೂತು ಇಟ್ಟುಕೊಳ್ಳಬೇಕು

ಎರಡನೇ ಭಾನುವಾರ ಬೋಲ್ಟಿನ ಬಾಲ ಕೊಯ್ದು ಸರಿಮಾಡಿದೆ. ಕೊನೆಯ ತೂತು ಈಗ ಎಲ್ಲೂ ತಾಗುತ್ತಿರಲಿಲ್ಲ. ಆದರೂ ಅದನ್ನು ಇಟ್ಟುಕೊಳ್ಳಲಿಲ್ಲ. ನಮ್ಮ ಗಾಡಿ ನಾನೊಬ್ಬನೇ ಓಡಿಸುವುದಿಲ್ಲ, ವಾರದಲ್ಲಿ ಮೂರು ದಿನ ನನ್ನ ಹೆಂಡತಿ ಹಿಂಜವಡಿಗೆ ಒಯ್ಯುತ್ತಾಳೆ. ಒಂದು ವಾರ ಓಡಿಸಿ ಬಂದವಳು, “ರೀ, ಘಾಟಿನಾಗ ಛಂದ ಅನಸ್ತದ, ಖರೆ. ಆದ್ರ ಸಿಗ್ನಲ್‌ನಾಗ ಒಂದು ಎರಡು, ಒಂದು ಎರಡು ಮಾಡಿ ಮಾಡಿ ಭುಜ ಹಿಡಕೊಳ್ತದ್ರೀ” ಅಂದಳು. ಶೇಕಡಾ 25 ಅನ್ನುವ ಲೆಕ್ಕ ಕಾಗದದ ಮೇಲೆ ನನಗೆ ಚಿಕ್ಕದಾಗಿ ಕಂಡಿತ್ತು, ಅವಳ ಭುಜಕ್ಕೆ ಅದು ಚಿಕ್ಕದಾಗಿರಲಿಲ್ಲ. ಈಗ ನಡುವಿನ ತೂತಿನಲ್ಲಿದೆ. ರಾಡಿನ ಎತ್ತರ ಹತ್ತು ಮಿ.ಮೀ. ಮಾತ್ರ ಇಳಿಸಿದ್ದೇವೆ, ಅವಳ ಸೀಟು ನನ್ನದಕ್ಕಿಂತ ಮುಂದೆ ಇರುತ್ತದೆ, ಇನ್ನೂ ಇಳಿಸಿದರೆ ಅವಳ ಮೊಣಕಾಲಿಗೆ ಕೈ ತಾಗುತ್ತದೆ. ಮೂರರಿಂದ ನಾಲ್ಕಕ್ಕೆ ಈಗ ಸುಮಾರು 104 ಮಿ.ಮೀ. ಹೊಂದಿಸಬಹುದಾದ ಕಿಟ್ಟಿಗೇ ದುಡ್ಡು ಕೊಡಿ ಅನ್ನುವುದು ಇದಕ್ಕೇ. ಒಂದೇ ತೂತಿನ ಕಿಟ್ ತಂದಿದ್ದರೆ ನಮ್ಮಿಬ್ಬರಲ್ಲಿ ಒಬ್ಬರು ಸಹಿಸಿಕೊಳ್ಳಬೇಕಿತ್ತು.

ಪೂರ್ತಿ ಘಾಟ್ ರಸ್ತೆಗೇ ಗಾಡಿ ಇಟ್ಟುಕೊಂಡವರು, ತಾಮ್ಹಿಣಿ, ವರಂಧ ಅಂತ ಶನಿವಾರ ಹೊರಡುವವರು ಕೊನೆಯ ತೂತು ಇಷ್ಟಪಡಬಹುದು. ಆದರೆ ಕೈಯ ಓಡಾಟ ಕಡಿಮೆ ಆಯಿತು ಅಂತ ಗೇರನ್ನು ರಪ್ಪನೆ ಎಳೆಯಬೇಡಿ. ಎರಡು ಗೇರುಗಳ ವೇಗ ಹೊಂದಿಸುವುದು ಸಿಂಕ್ರೋ ರಿಂಗ್, ಅದಕ್ಕೆ ಮೊದಲಿನಷ್ಟೇ ಹೊತ್ತು ಬೇಕು. ಈಗ ನಿಮ್ಮ ಕೈ ಅದಕ್ಕಿಂತ ಬೇಗ ಹೋಗಬಲ್ಲದು, ತೊಂದರೆ ಇರುವುದು ಅಲ್ಲೇ. ರಾಡು ಒಂದು ಕಡೆ ತಡೆದಂತಾಗುತ್ತದಲ್ಲ, ಅಲ್ಲಿ ಅರೆಕ್ಷಣ ಒತ್ತಿ ಹಿಡಿಯಿರಿ, ತಾನೇ ಒಳಗೆ ಹೋಗುತ್ತದೆ.

ಗಾಡಿ ಇನ್ನೂ ವಾರಂಟಿಯಲ್ಲಿದ್ದರೆ ಇದನ್ನು ಹಾಕಬೇಡಿ, ನಾಳೆ ಬಾಕ್ಸಿಗೆ ಏನಾದರೂ ಆದರೆ ಇದನ್ನೇ ತೋರಿಸಿ ಕೈ ತೊಳೆದುಕೊಳ್ಳಬಹುದು. ಇನ್ಶೂರೆನ್ಸ್‌ನವರಿಗೂ ಒಂದು ಮಾತು ಬರೆದು ತಿಳಿಸಿಡಿ.

500 ಕಿಲೋಮೀಟರ್ ಆದ ಮೇಲೆ ಬಾನೆಟ್ ಎತ್ತಿ ಎಲ್ಲ ಬೋಲ್ಟಿಗೆ ಒಮ್ಮೆ ಪಾನಾ ಹಾಕಿ ನೋಡಿ, ಚುಕ್ಕೆ ಅಳೆಯಿರಿ. ಮಳೆಗಾಲ ಮುಗಿದ ಮೇಲೆ ಬಟ್ಟಲು ತೆಗೆದು ಒರೆಸಿ ಹೊಸ ಗ್ರೀಸು ಹಾಕಿ. ಬಿಚ್ಚಿದ ಹಳೆಯ ಗುಂಡು, ಅದರ ನಟ್ಟು, 10 ಮತ್ತು 13ರ ಪಾನಾ, ಆ ಅಳತೆಯ ಚೀಟಿ, ಇಷ್ಟನ್ನೂ ಒಂದು ಚೀಲಕ್ಕೆ ಹಾಕಿ ಡಿಕ್ಕಿಯಲ್ಲಿ ಸ್ಟೆಪ್ನಿ ಪಕ್ಕ ಇಟ್ಟಿದ್ದೇನೆ. ನೀವೂ ಇಡಿ. ದಾರಿಯಲ್ಲಿ ಏನಾದರೂ ಆದರೆ ಅರ್ಧ ಗಂಟೆಯಲ್ಲಿ ಕಂಪನಿಯ ಅಳತೆಗೆ ವಾಪಸ್ ತರಬಹುದು.